ಮೆದುಳು, ಬೆನ್ನುಹುರಿಯ ಗಡ್ಡೆಗೆ ತಜ್ಞರ ತಂಡದ ಚಿಕಿತ್ಸೆ



ಗದ್ದೆಗೆ ನೀರು ಕಟ್ಟಲು ಹೋದ ಯಜಮಾನನಿಗೆ ಒಂದು ದಿನ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ಇನ್ನೊಂದು ಮನೆಯಲ್ಲಿ ಗೃಹಿಣಿಗೆ ನಸುಕಿನ ತಲೆನೋವು, ವಾಂತಿ ದಿನೇ ದಿನೇ ಹೆಚ್ಚುತ್ತದೆ. ಗಾಳಿ ಸೋಕಿತೆಂದೋ ದೃಷ್ಟಿ ತಾಗಿತೆಂದೋ ಭಾವಿಸಿ ಮನೆಯವರು ತಿಂಗಳುಗಳನ್ನು ಕಳೆಯುತ್ತಾರೆ. ಮೆದುಳಿನಲ್ಲಿ ಗಡ್ಡೆ ಬೆಳೆಯುತ್ತಿದ್ದರೆ ಹೀಗೆ ಕಳೆದ ಕಾಲವನ್ನು ಮರಳಿ ಪಡೆಯಲಾಗದು.

ಲಕ್ಷಣಗಳನ್ನು ಅರಿಯಿರಿ

ಎಲ್ಲ ತಲೆನೋವೂ ಗಡ್ಡೆಯಿಂದ ಬರುವುದಿಲ್ಲ. ಆದರೆ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ಪ್ರಾಯದವರಿಗೆ ಮೊದಲ ಬಾರಿ ಬಂದ ಫಿಟ್ಸ್, ಒಂದು ಪಕ್ಕದ ಕೈಕಾಲಿನ ನಿಶ್ಶಕ್ತಿ, ಮಾತಿನ ತೊದಲು, ದೃಷ್ಟಿ ಮಂಜಾಗುವುದು, ಸ್ವಭಾವದಲ್ಲಿ ಬದಲಾವಣೆ ಇವುಗಳನ್ನು ಕಡೆಗಣಿಸಬಾರದು. ಬೆನ್ನುಹುರಿಯಲ್ಲಿ ಗಡ್ಡೆಯಾದರೆ ಮಲಗಿದಾಗಲೂ ಬೆನ್ನುನೋವು ಬಿಡದು. ಕಾಲುಗಳು ಜೋಮು ಹಿಡಿದು ಸೋಲುತ್ತವೆ. ಮಲಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಹೆರಿಗೆಯಾಗದೆ ಮೊಲೆಹಾಲು ಬರುವುದು, ಮುಟ್ಟು ನಿಲ್ಲುವುದು ಇವು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಲಕ್ಷಣವಾಗಿರಬಹುದು. ಹಾಲಿನ ಹಾರ್ಮೋನನ್ನು ಹೆಚ್ಚಿಸುವ ಇಂತಹ ಗಡ್ಡೆಗಳು ಬಹುಮಟ್ಟಿಗೆ ಮಾತ್ರೆಯಿಂದಲೇ ಕುಗ್ಗುತ್ತವೆ. ಹೆಣ್ಣನ್ನು ಬಂಜೆಯೆಂದು ಹಳಿಯುವ ಮುನ್ನ ಪರೀಕ್ಷೆ ಮಾಡಿಸಿರಿ.

ತಂಡವೇಕೆ ಬೇಕು?

ಮೆದುಳಿನ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಗ್ಲಯೋಮಗಳಲ್ಲಿ ಕೆಲವು ಬೇಗನೆ ಹರಡುತ್ತವೆ. ನಮ್ಮ ದೇಶದಲ್ಲಿ ಕ್ಷಯದ ಗಂಟು ಮತ್ತು ಲಾಡಿಹುಳುವಿನ ಮರಿಗಳು ಕೂಡ ಸ್ಕ್ಯಾನಿನಲ್ಲಿ ಗಡ್ಡೆಯಂತೆಯೇ ಕಾಣಬಹುದು. ಅವುಗಳಿಗೆ ಔಷಧವೇ ಬೇರೆ.

ಆದುದರಿಂದ ಇಲ್ಲಿ ಒಬ್ಬ ವೈದ್ಯರ ತೀರ್ಮಾನ ಸಾಲದು. ಕ್ಷ-ಕಿರಣ ತಜ್ಞರು ಸ್ಕ್ಯಾನನ್ನು ಓದುತ್ತಾರೆ. ನರಶಸ್ತ್ರವೈದ್ಯರು ಗಡ್ಡೆಯನ್ನು, ಇಲ್ಲವೇ ಅದರ ಚೂರನ್ನು ತೆಗೆಯುತ್ತಾರೆ. ರೋಗಲಕ್ಷಣ ತಜ್ಞರು ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅದರ ಜಾತಿಯನ್ನೂ 1ರಿಂದ 4ರವರೆಗಿನ ದರ್ಜೆಯನ್ನೂ ತಿಳಿಸುತ್ತಾರೆ. ಬಳಿಕ ವಿಕಿರಣ ಚಿಕಿತ್ಸಕರು, ಕ್ಯಾನ್ಸರ್ ತಜ್ಞರು, ನರರೋಗ ತಜ್ಞರೆಲ್ಲರೂ ಕೂಡಿ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಸೋತ ಕೈಕಾಲಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟರು, ಶುಶ್ರೂಷಕಿಯರು, ಆಪ್ತಸಮಾಲೋಚಕರು ಸಹ ತಂಡದವರೇ. ಎಲ್ಲ ಗಡ್ಡೆಗಳೂ ಗುಣವಾಗಲಾರವು. ಆಗಲೂ ನೋವನ್ನು ತಗ್ಗಿಸಿ ರೋಗಿ ನೆಮ್ಮದಿಯಿಂದಿರುವಂತೆ ಮಾಡುವುದು ಈ ತಂಡದ ಕರ್ತವ್ಯ.

ಎಲ್ಲಿಗೆ ಹೋಗಬೇಕು?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು. ಅಲ್ಲಿಂದ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುವರು.

ನಿಮ್ಹಾನ್ಸ್ ಎಂದರೆ ಹುಚ್ಚಾಸ್ಪತ್ರೆ, ಅಲ್ಲಿಗೆ ಹೋದರೆ ಊರವರು ಏನೆಂದಾರು ಎಂದು ಅಂಜುವವರುಂಟು. 1974ರಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ಈ ಸಂಸ್ಥೆಯಾಯಿತು. ಇದು ಮನೋರೋಗದಂತೆಯೇ ಮೆದುಳು, ನರಗಳ ರೋಗಕ್ಕೂ ದೇಶದಲ್ಲಿ ಹೆಸರಾದ ಸ್ಥಳ. ಸಮೀಪದಲ್ಲೇ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಬಿ.ಪಿ.ಎಲ್. ಚೀಟಿಯ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್, ಹಳೆಯ ಸ್ಕ್ಯಾನ್‌ಗಳೆಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿ.

ಮನೆಯಲ್ಲಿ ನಿಮ್ಮ ಪಾತ್ರ

ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕಬ್ಬಿಣ ಕೊಟ್ಟು ಕಾಯುತ್ತ ಕೂರಬೇಡಿ. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಅಂಥವರು ಒಬ್ಬರೇ ನಾಲೆಗೆ, ಬಾವಿಗೆ ಇಳಿಯಬಾರದು, ತೆಂಗಿನ ಮರ ಹತ್ತಬಾರದು, ಟ್ರಾಕ್ಟರ್ ಓಡಿಸಬಾರದು, ಕಬ್ಬಿನ ಗಾಣದ ಬಳಿ ಕೆಲಸ ಮಾಡಬಾರದು. ಗುಣ ಕಂಡಿತೆಂದು ಫಿಟ್ಸಿನ ಮಾತ್ರೆಯನ್ನಾಗಲಿ ಬಾವು ಇಳಿಸುವ ಸ್ಟೀರಾಯ್ಡ್ ಮಾತ್ರೆಯನ್ನಾಗಲಿ ತಾವಾಗಿಯೇ ನಿಲ್ಲಿಸಬಾರದು.

ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಯುತ್ತದೆ. ಈ ಅವಧಿಯಲ್ಲೂ ಕ್ಯಾನ್ಸರ್ ಔಷಧ ಸೇವಿಸುವಾಗಲೂ ಗರ್ಭ ನಿಲ್ಲದಂತೆ ಎಚ್ಚರವಹಿಸಬೇಕು. ಪತಿಯೇ ರೋಗಿಯಾದರೂ ಈ ಮಾತು ಅನ್ವಯಿಸುತ್ತದೆ. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಝೆಪಿನ್ ಮಾತ್ರೆಗಳು ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ. ವಾಲ್ಪ್ರೊಯೇಟ್ ಹೊಟ್ಟೆಯಲ್ಲಿನ ಮಗುವಿಗೆ ಹಾನಿಕರ. ವಂಕಿಯೋ ನಿರೋಧೋ, ಯಾವುದು ತಕ್ಕದ್ದೆಂದು ವೈದ್ಯರನ್ನು ಕೇಳಿರಿ. ಮುಂದೆ ಮಕ್ಕಳನ್ನು ಬಯಸುವವರು ಚಿಕಿತ್ಸೆ ಆರಂಭವಾಗುವ ಮೊದಲೇ ಅದನ್ನು ತಿಳಿಸಬೇಕು.

ಈ ರೋಗ ಅಂಟುವುದಿಲ್ಲ. ಯಾರ ಶಾಪವೂ ಅಲ್ಲ. ರೋಗಿಯ ತಟ್ಟೆ ಲೋಟವನ್ನು ಬೇರೆ ಇಡಬೇಡಿ. ಆಸ್ಪತ್ರೆಯ ಕೋಣೆಗೆ ಪತಿಪತ್ನಿಯರಿಬ್ಬರೂ ಜೊತೆಯಾಗಿ ಹೋಗಿ, ತಿಳಿಯದ್ದನ್ನು ಸಂಕೋಚವಿಲ್ಲದೆ ಕೇಳಿರಿ. ರೋಗಿಯ ದಿನನಿತ್ಯದ ಬದಲಾವಣೆಯನ್ನು ಮೊದಲು ಕಾಣುವವರು ನೀವೇ. ತಂಡದಲ್ಲಿ ನಿಮಗೂ ಸ್ಥಾನವಿದೆ.