ಸ್ಮಾರ್ಟ್ ಬೋರ್ಡ್ ಇದೆ, ಮಕ್ಕಳು ಬರೆಯುತ್ತಾರಾ?

ಶಾಲೆಗೆ ಸೇರಿಸುವ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಮಾತು ಒಂದೇ. ಹೆಸರಲ್ಲಿ 'ಇಂಟರ್‌ನ್ಯಾಷನಲ್' ಇದೆಯಾ, ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆಯಾ, ಬಸ್ಸು ಮನೆ ಬಾಗಿಲಿಗೆ ಬರುತ್ತದಾ. ಫೀಸು ಕೇಳಿ ಬಾಪ ಒಂದು ನಿಮಿಷ ಸುಮ್ಮನಾಗುತ್ತಾರೆ, ಉಮ್ಮ ಕತ್ತಿನ ಸರ ಮುಟ್ಟಿ ನೋಡಿಕೊಳ್ಳುತ್ತಾರೆ. ಆದರೂ ಸೇರಿಸುತ್ತೇವೆ. ಆ ಬೋರ್ಡಿನ ಮುಂದೆ ನಿಲ್ಲುವ ಟೀಚರ್ ಅದರಿಂದ ಮಕ್ಕಳ ಕೈಯಲ್ಲಿ ಏನು ಮಾಡಿಸುತ್ತಾರೆ ಎಂದು ಮಾತ್ರ ನಾವು ಕೇಳುವುದಿಲ್ಲ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಐಬಿ ಅಥವಾ ಕೇಂಬ್ರಿಜ್ ಪಠ್ಯಕ್ರಮ ಇದ್ದರೆ ಅದು ಒಂದು ಲೆಕ್ಕ. ಆದರೆ ಹೆಸರಲ್ಲಿ ಆ ಪದ ಹೊತ್ತ ಬಹಳಷ್ಟು ಶಾಲೆಗಳು ನಡೆಯುವುದು ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮದಲ್ಲೇ. ಅದರಲ್ಲಿ ತಪ್ಪೇನೂ ಇಲ್ಲ, ಕೇಳಿ ತಿಳಿದುಕೊಂಡರೆ ಸಾಕು.

ಈಗ ವಿಜಯಪುರಕ್ಕೆ ಬನ್ನಿ. ವ್ಯಾಪಾರವೋ ನೌಕರಿಯೋ, ಕರಾವಳಿ ಬಿಟ್ಟು ಬಯಲುಸೀಮೆ ಸೇರಿದ ಬ್ಯಾರಿ ಕುಟುಂಬದ ಒಂದು ಮಗುವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಬ್ಯಾರಿ. ನೆರೆಯ ಮುಸ್ಲಿಂ ಮನೆಗಳಲ್ಲಿ ದಖ್ಖನಿ ಉರ್ದು. ಬೀದಿಯಲ್ಲಿ 'ಯಾಕ್ರಿ, ಹೋಗ್ರಿ' ಎನ್ನುವ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆಯ ನಡುವೆ ಸಿಕ್ಕಿದ ಮಗು ಸಾಮಾನ್ಯವಾಗಿ ಏನು ಮಾಡುತ್ತದೆ? ಬಾಯಿ ಮುಚ್ಚಿಕೊಂಡು ಕೂರುತ್ತದೆ. ಇಂಥ ಮಗುವಿಗೇ ಬರೆಯುವ ಒಂದು ಜಾಗ ಬೇಕು. ಕೆಲವು ಅಂತಾರಾಷ್ಟ್ರೀಯ ಶಾಲೆಗಳ ಶಿಕ್ಷಕರು ತರಗತಿಯಲ್ಲಿ ಬ್ಲಾಗ್ ಬಳಸುವುದು ಇದಕ್ಕೇ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಟೀಚರ್ ಒಬ್ಬರೇ ಓದುತ್ತಾರೆ, ಕೆಂಪು ಶಾಯಿ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ತರಗತಿಯ ಬ್ಲಾಗಿನಲ್ಲಿ ಬರೆದರೆ ಸಹಪಾಠಿ ಓದುತ್ತಾನೆ, ಊರಲ್ಲಿರುವ ಅಜ್ಜಿಗೆ ಯಾರಾದರೂ ಓದಿ ಹೇಳುತ್ತಾರೆ, ಗಲ್ಫ್‌ನಲ್ಲಿರುವ ಬಾಪ ರಾತ್ರಿ ಫೋನಿನಲ್ಲಿ ನೋಡುತ್ತಾರೆ. ಓದುವವರಿದ್ದಾರೆ ಎಂದು ಗೊತ್ತಾದಾಗ ಮಗು ವಾಕ್ಯವನ್ನು ಎರಡು ಸಲ ತಿದ್ದುತ್ತದೆ.

ಬರೆಯಲು ವಿಷಯ? ವಿಜಯಪುರದಲ್ಲಿ ಅದಕ್ಕೇನು ಬರ. 1656ರಲ್ಲಿ ಮುಗಿದ ಗೋಳಗುಮ್ಮಟವಿದೆ, ಮುಹಮ್ಮದ್ ಆದಿಲ್ ಶಾಹ್‌ನ ಸಮಾಧಿ. ಗುಮ್ಮಟದ ಹೊರ ಅಗಲವೇ ಸುಮಾರು 44 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ, ಒಂದು ಚಪ್ಪಾಳೆ ಏಳು ಸಲ ಮರಳುತ್ತದೆ ಅನ್ನುತ್ತಾರೆ. ಹೌದಾ? ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ಅಲೆಯ ಚಿತ್ರ ತೆರೆದು ಎಣಿಸಲಿ. ಒಬ್ಬನಿಗೆ ಏಳು, ಇನ್ನೊಬ್ಬಳಿಗೆ ಒಂಬತ್ತು ಬಂದರೆ ಜಗಳವಾಗಲಿ. ಯಾಕೆ ವ್ಯತ್ಯಾಸ ಬಂತು ಎಂದು ಇಬ್ಬರೂ ಬರೆಯಲಿ. ಶಬ್ದದ ಪಾಠ ಇದಕ್ಕಿಂತ ಚೆನ್ನಾಗಿ ಯಾವ ವಿಡಿಯೊದಲ್ಲೂ ಸಿಗದು.

ಪಡುವಣಕ್ಕೆ ಹೋದರೆ ತಿಕೋಟಾ, ದ್ರಾಕ್ಷಿಯ ಸೀಮೆ. ಬೇಸಿಗೆಯ ಮೊದಲಲ್ಲಿ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಹರಡಿ, ಸುಮಾರು ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಉಳಿದ ಮೂರು ಕಿಲೋ ಎಲ್ಲಿ ಹೋಯಿತು? ದಿನಕ್ಕೊಂದು ಫೋಟೊ, ದಿನಕ್ಕೊಂದು ತೂಕ, ಎರಡು ಸಾಲು ಬರಹ. ನಮ್ಮ ಮನೆಯ ತುಪ್ಪದಲ್ಲಿ ಹುರಿದು ನೆಯ್ಚೋರಿನ ಮೇಲೆ ಬೀಳುವ ದ್ರಾಕ್ಷಿಯ ಹುಟ್ಟೂರು ಮಗುವಿಗೆ ಗೊತ್ತಾಗುತ್ತದೆ. ಬಬಲೇಶ್ವರದ ಕಡೆ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ ಇದೆ. ನೀರಿನ ಪಾಠಕ್ಕೆ ಅದು ಸಾಕು.

ಮಕ್ಕಳ ಬರಹಕ್ಕೆ ಏನು ಬಲ ಎಂದು ನಗುವವರಿಗೆ ಒಂದು ಸಂಗತಿ. 2012ರಲ್ಲಿ ಸ್ಕಾಟ್ಲೆಂಡಿನ ಒಂಬತ್ತು ವರ್ಷದ ಮಾರ್ತಾ ಪೇನ್ ತನ್ನ ಶಾಲೆಯ ಊಟದ ಫೋಟೊ ಹಾಕಿ, ಅಂಕ ಕೊಟ್ಟು ಬರೆಯತೊಡಗಿದಳು. ಸ್ಥಳೀಯ ಆಡಳಿತ ಫೋಟೊ ತೆಗೆಯಬಾರದು ಎಂದಿತು. ಎಲ್ಲೆಡೆ ಆಕ್ಷೇಪ ಎದ್ದು, ಮರುದಿನವೇ ಆದೇಶ ಹಿಂದಕ್ಕೆ ಹೋಯಿತು. ಅವಳ ಓದುಗರು ಕೊಟ್ಟ ಹಣದಿಂದ ಆಫ್ರಿಕದ ಮಲಾವಿಯಲ್ಲಿ ಶಾಲಾ ಅಡುಗೆಮನೆ ಎದ್ದಿತು.

ಇನ್ನೊಂದು ನಮಗೆ ಹತ್ತಿರದ್ದು. 2009ರ ಜನವರಿಯಲ್ಲಿ ಸ್ವಾತ್ ಕಣಿವೆಯ 11 ವರ್ಷದ ಹುಡುಗಿಯ ದಿನಚರಿಯನ್ನು ಬಿಬಿಸಿ ಉರ್ದು ಪ್ರಕಟಿಸಿತು. ಹೆಣ್ಣುಮಕ್ಕಳ ಶಾಲೆ ಮುಚ್ಚಿಸುವ ಕಾಲ ಅದು. ಬರೆದವಳು ಮಲಾಲಾ, ಆದರೆ ಹೆಸರು ಹಾಕಿದ್ದು ಗುಲ್ ಮಕಾಯಿ ಎಂದು. ಆ ಅಡ್ಡಹೆಸರು ಯಾಕೆ ಬೇಕಾಯಿತು ಎಂಬುದನ್ನು ಹೆತ್ತವರು ಗಮನಿಸಬೇಕು.

ಯಾಕೆಂದರೆ ನಮ್ಮ ಉಮ್ಮಂದಿರ ಭಯ ಸುಳ್ಳಲ್ಲ. 'ಹುಡುಗಿಯ ಫೋಟೊ ನೆಟ್ಟಿಗೆ ಯಾಕೆ?' ಎಂಬ ಪ್ರಶ್ನೆ ಹಳೇ ಕಾಲದ್ದು ಎಂದು ತಳ್ಳಿಹಾಕುವ ಟೀಚರ್ ನಮಗೆ ಬೇಡ. ಬರಹಕ್ಕೆ ಮುಖ ಬೇಕಿಲ್ಲ. ಮೊದಲ ಹೆಸರು ಅಥವಾ ಅಡ್ಡಹೆಸರು ಸಾಕು. ಯೂನಿಫಾರ್ಮ್, ಬಸ್ ನಂಬರ್, ಮನೆಯ ಬೀದಿ ಕಾಣುವ ಚಿತ್ರ ಬೇಡ. ಪಾಸ್‌ವರ್ಡ್ ಹಾಕಿ ಮನೆಯವರಿಗೆ ಮಾತ್ರ ತೆರೆಯಬಹುದು, ಪ್ರತಿಕ್ರಿಯೆಗಳನ್ನು ಟೀಚರ್ ನೋಡಿದ ಮೇಲೆಯೇ ಬಿಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಅಡ್ಮಿಷನ್ ಫಾರ್ಮಿನ ಕೊನೆಯ ಪುಟ ಓದದೆ ಸಹಿ ಹಾಕುವ ಅಭ್ಯಾಸ ನಮಗೂ ಇದೆ, ಬಿಡಬೇಕು.

ದುಬಾರಿ ಶಾಲೆಗೆ ಮಾತ್ರ ಇದು ಸಾಧ್ಯ ಎಂದುಕೊಳ್ಳಬೇಡಿ. 2011ರಿಂದ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಕಾಸು ಕೊಡದೆ ಸಿಗುವ ಉಬುಂಟು, ಜಿಯೋಜೀಬ್ರಾ ಕಲಿತರು. ತಾವೇ ತಯಾರಿಸಿದ ಪಾಠ ಸಾಮಗ್ರಿಯನ್ನು ಕನ್ನಡದಲ್ಲೇ ಎಲ್ಲರಿಗೂ ತೆರೆದಿಟ್ಟರು. ಫೀಸು ಜಾಸ್ತಿ ಇದ್ದ ಕಡೆಯೇ ಒಳ್ಳೆಯ ಟೀಚರ್ ಇರುತ್ತಾರೆ ಎಂಬುದು ನಮ್ಮ ಭ್ರಮೆ.

ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲಿ ಫೋನಿನಲ್ಲೇ ಟೈಪ್ ಮಾಡಬಹುದು. ಅಜ್ಜಿಯ ಬಾಯಿಯ ಹತ್ತು ಪದಗಳನ್ನು ಅರ್ಥಸಹಿತ ಬರೆದು ತಾ ಎಂದು ಟೀಚರ್ ಹೇಳಿದರೆ, ವಿಜಯಪುರದ ಆ ಮಗುವಿಗೆ ಬಾಯಿ ಬಂದೀತು. ದಖ್ಖನಿ ಮಾತಾಡುವ ಗೆಳೆಯನೂ ತನ್ನ ಹತ್ತು ಪದ ತರುತ್ತಾನೆ.

ಮುಂದಿನ ಸಲ ಶಾಲೆ ನೋಡಲು ಹೋದಾಗ ಕಂಪ್ಯೂಟರ್ ಎಷ್ಟಿವೆ ಎಂದು ಕೇಳುವ ಮೊದಲು, 'ನಿಮ್ಮ ಮಕ್ಕಳು ಕಳೆದ ತಿಂಗಳು ಬರೆದದ್ದು ಒಂದು ತೋರಿಸ್ತೀರಾ ಮೇಡಂ?' ಎಂದು ಕೇಳಿ ನೋಡಿ.