ಹನಿ ಆರುವ ಮೊದಲೇ ಒರೆಸಿ

ದುಬೈನಲ್ಲೋ ಅಬುಧಾಬಿಯಲ್ಲೋ ಕಪ್ಪು ಕಾರು ಇಟ್ಟುಕೊಂಡಿದ್ದೀರಾ? ಹಾಗಾದರೆ ಈ ಗೋಳು ನಿಮಗೆ ಗೊತ್ತು. ಬೆಳಿಗ್ಗೆ ಕಾರು ತೊಳೆದು, ಒಳಗೆ ಬಂದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಬಾನೆಟ್ಟಿನ ಮೇಲೆಲ್ಲ ಬಿಳಿ ಉಂಗುರಗಳು. ಸೋಪು ಸರಿಯಿಲ್ಲವೆಂದು ಹಲವರು ಸೋಪು ಬದಲಿಸುತ್ತಾರೆ. ಆದರೆ ಆ ಕಲೆ ಸೋಪಿನದಲ್ಲ, ನೀರಿನದು.

ಇಲ್ಲಿ ನಮ್ಮ ನಲ್ಲಿಯಲ್ಲಿ ಬರುವುದು ಬಹುಪಾಲು ಕಡಲಿನ ನೀರು. ಜೆಬೆಲ್ ಅಲಿ, ತವೀಲಾದಂಥ ಸ್ಥಾವರಗಳಲ್ಲಿ ಉಪ್ಪು ತೆಗೆದ ಮೇಲೆ, ನೀರು ಪೈಪುಗಳನ್ನು ತಿನ್ನದಿರಲಿ ಎಂದು ಸ್ವಲ್ಪ ಸುಣ್ಣದ ಅಂಶವನ್ನು ಮತ್ತೆ ಸೇರಿಸುತ್ತಾರೆ. ಕಾರಿನ ಮೇಲೆ ಕೂತ ಧೂಳಿನಲ್ಲೂ ಸುಣ್ಣಕಲ್ಲಿನ ಪುಡಿ ಇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಊರಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರಕ್ಕೂ ಈ ಕಲೆಗೂ ನೆಂಟಸ್ತಿಕೆಯಿದೆ.

ಉಂಗುರವೇ ಏಕೆ? ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಅಲ್ಲೇ ನೀರು ಬೇಗ ಆರುತ್ತದೆ. ಆ ಜಾಗ ತುಂಬಲು ನಡುವಿನ ನೀರು ಕಣಗಳನ್ನು ಹೊತ್ತುಕೊಂಡು ಅಂಚಿಗೆ ಹರಿಯುತ್ತದೆ. ಕಾಫಿ ಕಲೆಯ ಉದಾಹರಣೆಯಿಂದ ಇದನ್ನು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದವರು ರಾಬರ್ಟ್ ಡೀಗನ್ ಮತ್ತು ಸಂಗಡಿಗರು.

ಹಾಗಾಗಿ ಉಪಾಯ ಒಂದೇ: ಹನಿ ತಾನಾಗಿ ಆರುವ ಮೊದಲೇ ಅದನ್ನು ತೆಗೆಯುವುದು.

ಬಾನೆಟ್ ತಣ್ಣಗಿರುವಾಗ, ನೆರಳಿನಲ್ಲಿ ತೊಳೆಯಿರಿ. ಬೀದಿ, ಸಾರ್ವಜನಿಕ ಪಾರ್ಕಿಂಗ್ ಬೇಡ, ದಂಡ ಬೀಳಬಹುದು. ಒಂದೊಂದು ಭಾಗವನ್ನೇ ತೊಳೆದು, ಸೋಪು ಒಣಗಲು ಬಿಡದೆ ಜಾಲಿಸಿ. ಕೊನೆಗೆ ಮೇಲಿನಿಂದ ನಿಧಾನವಾಗಿ ನೀರು ಸುರಿದರೆ ಹೆಚ್ಚಿನ ಹನಿಗಳು ಒಟ್ಟಾಗಿ ಜಾರಿಹೋಗುತ್ತವೆ. ಆಮೇಲೆ ದಪ್ಪನೆಯ ಮೈಕ್ರೋಫೈಬರ್ ಬಟ್ಟೆಯನ್ನು ಹರಡಿ, ಒತ್ತದೆ, ಮೆಲ್ಲಗೆ ಎಳೆಯಿರಿ. ಛಾವಣಿಯಿಂದ ಶುರುಮಾಡಿ ಕೆಳಗೆ ಬನ್ನಿ. ಕನ್ನಡಿಯ ಸಂದು, ಬಾಗಿಲ ಹಿಡಿಕೆ, ಡಿಕ್ಕಿಯ ಅಂಚು ಮರೆಯಬೇಡಿ, ಅಲ್ಲಿ ಅವಿತ ನೀರು ಆಮೇಲೆ ಇಳಿದು ಗೆರೆ ಬಿಡುತ್ತದೆ. ಚಕ್ರಕ್ಕೆ ಬೇರೆ ಬಟ್ಟೆ ಇರಲಿ. ಒಣ ಧೂಳನ್ನಂತೂ ಬರಿ ಬಟ್ಟೆಯಿಂದ ಉಜ್ಜಲೇಬೇಡಿ, ಮರಳು ಬಣ್ಣವನ್ನು ಗೀರುತ್ತದೆ.

ಕಲೆ ಆಗಲೇ ಕೂತಿದ್ದರೆ, ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ತಣ್ಣಗಿರುವ ಕಲೆಯ ಮೇಲೆ ಒಂದೆರಡು ನಿಮಿಷ ಇಡಿ. ನಂತರ ಚೆನ್ನಾಗಿ ತೊಳೆದು ಒರೆಸಿ. ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಬಿಸಿಲಲ್ಲಿ ಬಹಳ ದಿನ ಕೂತು ಬಣ್ಣವನ್ನೇ ಕೊರೆದಿದ್ದರೆ ಪಾಲಿಶ್ ಮಾಡಿಸಬೇಕಾಗುತ್ತದೆ.

ಈಗ ಮಕ್ಕಳನ್ನು ಕರೆಯಿರಿ. ಪರದೇಶದ ನಮ್ಮ ಮನೆಗಳಲ್ಲಿ ಕನ್ನಡ ಮೆಲ್ಲಗೆ ಅಪ್ಪಣೆಯ ಭಾಷೆಯಾಗಿಬಿಡುತ್ತದೆ: ಬಾ, ತಿನ್ನು, ಹಲ್ಲುಜ್ಜು, ಮಲಗು. 'ಏಕೆ' ಎಂಬ ಪ್ರಶ್ನೆಗೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಹಾಗಾದಾಗ ಮಗು ಕಲಿಯುವ ಪಾಠ, ಕನ್ನಡ ಯೋಚನೆ ಮಾಡುವುದಕ್ಕಲ್ಲ ಎಂದು. ಕಾರಿನ ಪಕ್ಕ ನಿಂತ ಅರ್ಧ ಗಂಟೆಯಲ್ಲಿ ಆ ಪಾಠವನ್ನು ತಿರುಗಿಸಬಹುದು.

ಒಂದು ಕಪ್ಪು ತಟ್ಟೆಯ ಮೇಲೆ ಸಾಲಾಗಿ ಮೂರು ಹನಿ ಹಾಕಿಸಿ: ನಲ್ಲಿ ನೀರು, ಉಪ್ಪು ನೀರು, ಡಿಸ್ಟಿಲ್ಡ್ ನೀರು. ಬಿಸಿಲಿಗಿಡಿ. ಯಾವುದು ಕಲೆ ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ಮೊದಲೇ ಊಹಿಸಲು ಹೇಳಿ. ಊಹೆ, ಕಾರಣ, ಜಗಳ, ಎಲ್ಲ ಕನ್ನಡದಲ್ಲೇ ನಡೆಯಲಿ. ಆರು, ಒಣಗು, ಇಂಗು, ಜಾರು, ಹಿಂಡು, ಒರೆಸು, ಉಜ್ಜು – ಇಷ್ಟೂ ಕ್ರಿಯಾಪದಗಳು ಕೈಗೆ ಸಿಗುತ್ತವೆ. ಒರೆಸುವುದಕ್ಕೂ ಉಜ್ಜುವುದಕ್ಕೂ ಇರುವ ವ್ಯತ್ಯಾಸ ಪುಸ್ತಕಕ್ಕಿಂತ ಬಾನೆಟ್ಟಿನ ಮೇಲೆ ಬೇಗ ಅರ್ಥವಾಗುತ್ತದೆ. ಮಗು ನಡುವೆ ಇಂಗ್ಲಿಷ್ ಪದ ಹಾಕಿದರೆ ತಿದ್ದಬೇಡಿ. ನಿಮ್ಮ ಮುಂದಿನ ಮಾತಿನಲ್ಲಿ ಕನ್ನಡ ಪದ ಇಡಿ, ಸಾಕು.

ಕೆಳಗಿನ ಬಾಗಿಲು ಮಗುವಿನ ಎತ್ತರಕ್ಕೆ ಸರಿಹೋಗುತ್ತದೆ. ಅದನ್ನು ಒರೆಸುವ ಕೆಲಸ ಅವರಿಗೇ ಬಿಡಿ.