ಬಾಲ್ಯದ ಆಘಾತ ಮತ್ತು ವಯಸ್ಕರ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ತಲೆನೋವು, ಹೊಟ್ಟೆನೋವು, ಎದೆಬಡಿತ, ನಿದ್ರಾಹೀನತೆ ಮುಂತಾದ ತೊಂದರೆಗಳಿಗೆ ವೈದ್ಯಕೀಯ ಪರೀಕ್ಷೆಗಳಲ್ಲಿ ಕಾರಣ ಕಂಡುಬಾರದಿದ್ದಲ್ಲಿ, ರೋಗಿಯ ಬಾಲ್ಯವನ್ನೂ ವಿಚಾರಿಸಬೇಕಾಗುತ್ತದೆ. ದೊಡ್ಡಮಳೂರು ಹಾಗೂ ನೆರೆಯ ಗ್ರಾಮಗಳ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಜೀತ ಪದ್ಧತಿಯು 1976ರ ಕಾಯ್ದೆಯನ್ವಯ ರದ್ದಾಗಿದ್ದರೂ, ಈ ಭಾಗದ ರೇಷ್ಮೆ ನೂಲು ಬಿಚ್ಚಾಣಿಕೆ ಹಾಗೂ ಹುರಿ ಘಟಕಗಳಲ್ಲಿ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರ ವರದಿಯಲ್ಲಿ ದಾಖಲಿಸಿದೆ. ಪೋಷಕರು ಮಾಲೀಕರಿಂದ ಪಡೆದ ಮುಂಗಡದ ಹಣಕ್ಕೆ ಪ್ರತಿಯಾಗಿ ಮಕ್ಕಳು ದುಡಿಯಬೇಕಿತ್ತು. ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳುಗಳಲ್ಲಿ ಬೊಬ್ಬೆ ಏಳುತ್ತಿದ್ದವು. ಹೊಡೆತವೂ ಇತ್ತು. ಅಂದಿನ ಮಕ್ಕಳು ಇಂದು ಮೂವತ್ತು, ನಲವತ್ತು ವರ್ಷ ದಾಟಿದ ಗೃಹಸ್ಥರು. ಬೊಬ್ಬೆಗಳು ಮಾಸಿರಬಹುದು, ಅಂದಿನ ಭಯವನ್ನು ಪತಿ ಅಥವಾ ಪತ್ನಿಗೂ ಹೇಳಿಕೊಳ್ಳದವರು ಇರಬಹುದು.

ಅಪಾಯ ಎದುರಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಅಪಾಯ ಕಳೆದ ಬಳಿಕ ಇಳಿಯುತ್ತವೆ. ವರ್ಷಗಟ್ಟಲೆ ಭಯದಲ್ಲೇ ಬೆಳೆದ ಮಗುವಿನಲ್ಲಿ ಈ ಏರಿಳಿತ ಕ್ರಮ ತಪ್ಪುತ್ತದೆ. ದೊಡ್ಡವರಾದ ಮೇಲೂ ಯಾರಾದರೂ ಧ್ವನಿ ಏರಿಸಿದೊಡನೆ ಮೈ ಬೆವರುವುದು, ಸಣ್ಣ ಮಾತಿಗೆ ಅತಿಯಾದ ಕೋಪ, ದುಃಸ್ವಪ್ನ, ಮದ್ಯಪಾನದ ಮೊರೆ ಹೋಗುವುದು ಕಂಡುಬರಬಹುದು. ಬಾಲ್ಯದ ಕಹಿ ಅನುಭವಗಳು ಹೆಚ್ಚಿದಷ್ಟೂ ಖಿನ್ನತೆ, ಮದ್ಯವ್ಯಸನ, ಹೃದ್ರೋಗಗಳ ಸಂಭವವೂ ಹೆಚ್ಚುವುದನ್ನು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಕಷ್ಟ ಕಂಡವರೆಲ್ಲರೂ ರೋಗಿಗಳಾಗುತ್ತಾರೆಂದು ಇದರ ಅರ್ಥವಲ್ಲ.

ಪೂರ್ಣವಾಗಿ ಮರೆತ ಘಟನೆ ಮುಂದೆ ಯಥಾವತ್ತಾಗಿ ನೆನಪಿಗೆ ಬರುತ್ತದೆಂಬ ವಾದವನ್ನು ತಜ್ಞರೆಲ್ಲರೂ ಒಪ್ಪುವುದಿಲ್ಲ. ಸೂಚನೆಗಳನ್ನು ಕೊಟ್ಟು ಕೆದಕಿದಲ್ಲಿ, ನಡೆಯದ ಘಟನೆಯೂ ನಡೆದಂತೆ ತೋರಬಹುದು. ಆದುದರಿಂದ ಹಳೆಯ ನೆನಪನ್ನು ಹೊರತೆಗೆಯುವುದಾಗಿ ಭರವಸೆ ನೀಡುವವರಿಗೆ ಹಣ ತೆರುವ ಮುನ್ನ ಮನೋವೈದ್ಯರನ್ನು ವಿಚಾರಿಸುವುದು ಸೂಕ್ತ. ಮರೆತದ್ದಕ್ಕಿಂತ, ನೆನಪಿದ್ದೂ ಹೇಳಲಾಗದೆ ಉಳಿದದ್ದೇ ಅನೇಕರನ್ನು ಬಾಧಿಸುತ್ತದೆ.

ಇಂತಹ ತೊಂದರೆಯುಳ್ಳವರು ಮೊದಲು ಚನ್ನಪಟ್ಟಣದ ಸಾರ್ವಜನಿಕ ಆಸ್ಪತ್ರೆಯಲ್ಲಿ ದೈಹಿಕ ತಪಾಸಣೆ ಮಾಡಿಸಿಕೊಂಡು, ಮನೋವೈದ್ಯರ ಭೇಟಿಯ ದಿನವನ್ನು ಅಲ್ಲಿಯೇ ವಿಚಾರಿಸತಕ್ಕದ್ದು. ಬಾಲ್ಯದಲ್ಲಿ ನಡೆದುದಕ್ಕೆ ಯಾವುದೇ ದಾಖಲೆ ಅಥವಾ ಸಾಕ್ಷಿ ಒದಗಿಸಬೇಕಾಗಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರನ್ವಯ ಸರ್ಕಾರಿ ಚಿಕಿತ್ಸೆ ಪಡೆಯುವುದು ಹಾಗೂ ವಿವರಗಳ ಗೋಪ್ಯತೆ ರೋಗಿಯ ಹಕ್ಕು. ಆಸ್ಪತ್ರೆಗೆ ಬರಲು ಸಂಕೋಚಪಡುವವರು 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇಂದಿಗೂ ಮಕ್ಕಳನ್ನು ದುಡಿಮೆಗೆ ಹಚ್ಚಿರುವುದು ಕಂಡುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲು ಕೋರಲಾಗಿದೆ.